ಎಡಗಿವಿ ಬಲಗಿವಿ

ರತ್ನಗಿರಿ ಕೋಟೆಗೆ ಇನ್ನೂ ಬಾಗಿಲುಗಳಿದ್ದ ಕಾಲದಲ್ಲಿ, ಕುರಿಗಳಿಗೆ ಮಾತು ಬಾರದಿದ್ದರೂ ಮಾತು ತಿಳಿಯುತ್ತಿದ್ದ ಕಾಲದಲ್ಲಿ, ಆ ಬೆಟ್ಟದ ಬುಡದಲ್ಲಿ ಒಬ್ಬ ಕುರಿಗಾಹಿ ಇದ್ದನಂತೆ. ಸಂಜೆ ಅವನ ಕುರಿಗಳು ಇಳಿದು ಬರುವಾಗ ಬೆಟ್ಟವೇ ಕರಗಿ ಹರಿದು ಬಂದಂತೆ ಕಾಣುತ್ತಿತ್ತಂತೆ. ಒಂದು ದಿನ ಪಾಳೆಯಗಾರನ ಕಡೆಯವನೊಬ್ಬ ಕುದುರೆಯ ಮೇಲೆ ಬಂದು, ಕುರಿರೊಪ್ಪದ ನಡುವೆ ನಿಂತು, ಇವೆಲ್ಲ ನಿನ್ನವೇನೋ ಎಂದು ಕೇಳಿದನಂತೆ. ತೆರಿಗೆಗೆ ಹೆದರಿದ ಕುರಿಗಾಹಿ, ನನ್ನವಲ್ಲ ದೊರೆ, ಯಾರವೋ ಏನೋ ಎಂದನಂತೆ. ಕುದುರೆಯವನು ಹೊರಟುಹೋದ. ಆದರೆ ಕುರಿಗಳು ಕೇಳಿಸಿಕೊಂಡಿದ್ದವು. ಮೊದಲು ಮುದಿ ಟಗರು ಎದ್ದಿತು, ಅದರ ಹಿಂದೆ ಕುರಿಗಳು, ಕುರಿಗಳ ಹಿಂದೆ ಮರಿಗಳು. ಒಂದರ ಹಿಂದೊಂದು ಬೆಟ್ಟ ಹತ್ತಿಹೋಗಿ ಕಲ್ಲುಗುಂಡುಗಳಾಗಿ ಕುಳಿತುಬಿಟ್ಟವಂತೆ. ಬೇಕಾದರೆ ಹೋಗಿ ನೋಡಿ, ಇವತ್ತಿಗೂ ಅಲ್ಲಿಯೇ ಇವೆ.

ಆ ಬೆಟ್ಟದ ಸೀಮೆಯ ರೊಳ್ಳ ಎಂಬ ಊರಿನ ಆಚೆಗಿನ ಒಂದು ಹಟ್ಟಿಯಲ್ಲಿ ಕಾಟಜ್ಜಿ ಈ ಕತೆಯನ್ನು ತನ್ನ ಇಬ್ಬರು ಮೊಮ್ಮಕ್ಕಳಿಗೆ ಹೇಳುತ್ತಿದ್ದಳು. ಹಿರಿಯ ಮಗನ ಮಗಳು ಕದರಮ್ಮ. ಕಿರಿಯ ಮಗ ಯರ್ರಪ್ಪನ ಮಗಳು ಆದಿಲಕ್ಷ್ಮಿ. ಒಂದೇ ವರ್ಷ ಹಿಂದುಮುಂದು ಹುಟ್ಟಿದವರು, ಒಂದೇ ಕಂಬಳಿಯಡಿ ಮಲಗಿ ಕತೆ ಕೇಳಿದವರು. ಆ ಮನೆಯಲ್ಲಿ ಅದು ಬರೀ ಕತೆಯಾಗಿರಲಿಲ್ಲ, ಕಟ್ಟಳೆಯಾಗಿತ್ತು. ಅವರ ರೊಪ್ಪದಲ್ಲಿದ್ದ ಕುರಿಗಳಲ್ಲಿ ಮುಕ್ಕಾಲು ಪಾಲು ಬೇರೆಯವರು ಸಾಕಲು ಬಿಟ್ಟವು. ಉಣ್ಣೆಯಲ್ಲಿಷ್ಟು ಮರಿಯಲ್ಲಿಷ್ಟು ಎಂದು ಸಾಕಿದವರಿಗೆ ಸಿಗುತ್ತಿತ್ತು. ಆದರೂ ಕುರಿಗಳ ಕಿವಿಗೆ ಬೀಳುವಂತೆ ಇವು ನಮ್ಮವಲ್ಲ ಎಂದು ಆ ಮನೆಯವರು ಯಾರೂ ಅಂದವರಲ್ಲ. ಯಾವುದು ಯಾರದೆಂದು ಬಾಯಿ ಹೇಳುತ್ತಿರಲಿಲ್ಲ, ಕುರಿಯ ಕಿವಿಯೇ ಹೇಳುತ್ತಿತ್ತು. ಎರಡೂ ಕಿವಿಯ ತುದಿ ಮೊಂಡಾಗಿದ್ದರೆ ಮನೆಯದು. ಎಡಗಿವಿಯ ಅಂಚಿನಲ್ಲಿ ಕಚ್ಚು ಇದ್ದರೆ ಅಮರಾಪುರದ ಓಬಣ್ಣನದು. ಬಲಗಿವಿ ಸೀಳಿದ್ದರೆ ರಾಯದುರ್ಗದ ಉಣ್ಣೆ ವ್ಯಾಪಾರಿ ಜಂಬಯ್ಯನದು. ಓದಲು ಸುಲಭವೆಂದು ಕಾಣುತ್ತದೆ. ಆದರೆ ಕಿವಿ ಬೆಳೆಯುತ್ತದೆ, ಗಾಯ ಮಾಯುತ್ತದೆ, ಜಾಲಿಮುಳ್ಳು ತಾನೂ ಒಂದು ಗುರುತು ಹಾಕುತ್ತದೆ. ಯಾವುದು ಕತ್ತಿಯ ಬರಹ, ಯಾವುದು ಮುಳ್ಳಿನ ಗೀಚು ಎಂದು ಬೆರಳಿಗೆ ಗೊತ್ತಾಗಬೇಕು.

ಪ್ಲೇಗಿನ ವರ್ಷ ಕದರಮ್ಮನ ತಂದೆತಾಯಿ ಇಬ್ಬರೂ ಹೋದರು, ಆದಿಲಕ್ಷ್ಮಿಯ ತಾಯಿಯೂ ಹೋದಳು. ಆದಿಲಕ್ಷ್ಮಿಯ ತಾಯಿಯ ಅಕ್ಕ ತಿಪ್ಪಕ್ಕ ರಾಯದುರ್ಗದಿಂದ ಬಂದು, ಒಂದು ಹುಡುಗಿಯನ್ನು ನನಗೆ ಕೊಡಿ, ಇಸ್ಕೂಲಿಗೆ ಹಾಕುತ್ತೇನೆ ಎಂದಳು. ಯಾರನ್ನು ಕೊಡುವುದು? ಕುರಿ ನೋಡಲು ಒಬ್ಬರು ಬೇಕು, ಕಿವಿ ಬಲ್ಲವಳು ಇಲ್ಲಿರಲಿ, ಬಾರದವಳು ಹೋಗಲಿ ಎಂದಳು ಕಾಟಜ್ಜಿ. ಇಬ್ಬರನ್ನೂ ರೊಪ್ಪದಲ್ಲಿ ನಿಲ್ಲಿಸಿ ಓದಿಸಿದಳು. ಆದಿಲಕ್ಷ್ಮಿ ಮೂರನೆಯ ಕುರಿಗೇ ತಡವರಿಸಿ ಅಳತೊಡಗಿದಳು. ಹನ್ನೊಂದು ವರ್ಷದ ಕದರಮ್ಮ ಒಂದೂ ಬಿಡದಂತೆ, ಒಂದೂ ತಪ್ಪದಂತೆ, ಕಣ್ಣು ಮುಚ್ಚಿಕೊಂಡು ಬರೀ ಬೆರಳಿನಿಂದ ಓದಿ ಒಪ್ಪಿಸಿದಳು. ಎಲ್ಲರೂ ಭೇಷ್ ಎಂದರು. ಅಜ್ಜಿ ಬೆಲ್ಲದ ಉಂಡೆ ಕೊಟ್ಟಳು. ಅದನ್ನು ಚಪ್ಪರಿಸುತ್ತ ಆಕೆ, ಅಳುತ್ತಿದ್ದ ತಂಗಿ ಗಾಡಿ ಹತ್ತಿ ಹೋಗುವುದನ್ನು ಗೆದ್ದವಳ ಹೆಮ್ಮೆಯಿಂದ ನೋಡಿದಳು. ತಾನು ಏನನ್ನು ಗೆದ್ದೆ, ಏನನ್ನು ಸೋತೆ ಎಂದು ಗೊತ್ತಾಗುವುದಕ್ಕೆ ಅವಳಿಗೆ ಒಂದೆರಡು ವರ್ಷವೇ ಹಿಡಿಯಿತು. ಗೊತ್ತಾದ ಮೇಲೆ ಅದು ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡೇ ಉಳಿಯಿತು.

ಜರ್ಮನಿಯ ಯುದ್ಧ ಮುಗಿದ ವರ್ಷ ಆದಿಲಕ್ಷ್ಮಿ ಎಸ್ಸೆಲ್ಸಿ ಪಾಸು ಮಾಡಿಕೊಂಡು ಬಂದಳು. ಬರಿಗಾಲಲ್ಲಿ ಹೋದವಳು ಚಪ್ಪಲಿ ಮೆಟ್ಟಿ ಬಂದಳು. ಸೆರಗಿಗೆ ಪಿನ್ನು ಬಂದಿತ್ತು, ಮಾತಿಗೆ ರಾಯದುರ್ಗದ ರಾಗ ಬಂದಿತ್ತು. ಹೌದ್ರಿ, ಬರ್ರಿ ಎಂದು ಅವಳು ಊರ ಹಿರಿಯರನ್ನು ಮಾತಾಡಿಸಿದರೆ ಅವರು ಹಿಗ್ಗಿ ಹೋಗುತ್ತಿದ್ದರು. ಕದರಮ್ಮನಿಗೆ ಮಾತ್ರ ಆ ಒಂದೊಂದು 'ರಿ'ಯೂ ಕಾಲಿಗೆ ನೆಟ್ಟ ನೆಗ್ಗಿಲ ಮುಳ್ಳು. ಹತ್ತೊಂಬತ್ತರ ಕದರಮ್ಮನಿಗೆ ಎರಡು ಸಲ ಮದುವೆಯ ಮಾತು ಬಂದು, ಕುರಿ ನೋಡುವವರು ಯಾರು ಎಂಬಲ್ಲಿಗೆ ನಿಂತಿತ್ತು. ಹದಿನೆಂಟರ ಆದಿಲಕ್ಷ್ಮಿ ಮದರಾಸಿನ ಹೆಣ್ಣುಮಕ್ಕಳ ಕಾಲೇಜಿಗೆ ಹೋಗುತ್ತೇನೆ ಎನ್ನುತ್ತಿದ್ದಳು. ಅಲ್ಲಿ ಕಾಲೇಜಿನ ಕಿಟಕಿಯಿಂದ ಸಮುದ್ರ ಕಾಣುತ್ತದಂತೆ.

ಸಮುದ್ರ ಕದರಮ್ಮನದು. ಅಜ್ಜಿಯ ಕತೆಯ ಏಳು ಸಮುದ್ರಗಳನ್ನೂ ದಿಣ್ಣೆಯ ಮೇಲೆ ಕುಳಿತು, ಗಾಳಿಗೆ ಬಾಗುವ ಹುಲ್ಲಿನಲ್ಲಿ, ಅವಳು ಎಷ್ಟು ಸಲ ದಾಟಿಲ್ಲ! ಯಾವ ಕತೆಯನ್ನೂ ಪೂರ್ತಿ ಕೇಳದೆ ನಿದ್ದೆ ಹೋಗುತ್ತಿದ್ದ ಆದಿಲಕ್ಷ್ಮಿ ಈಗ ಹೋಗಿ ಅದನ್ನು ಕಣ್ಣಾರೆ ನೋಡುತ್ತಾಳೆ.

ಕಾಲೇಜಿನಲ್ಲಿ ಬಡ ಹುಡುಗಿಯರಿಗೆ ಒಂದು ನಿಧಿ ಇತ್ತು. ಅದು ಸಿಕ್ಕರೆ ಫೀಜು, ಹಾಸ್ಟೆಲ್ಲು, ಪುಸ್ತಕ ಎಲ್ಲವೂ ಮಾಫಿ. ಸಿಗದಿದ್ದರೆ ಮದರಾಸಿನ ಮಾತೇ ಇಲ್ಲ. ಆದರೆ ಬಡತನವನ್ನು ಬಾಯಲ್ಲಿ ಹೇಳಿದರೆ ನಡೆಯದು; ಮಡಕಶಿರೆಯ ತಾಲ್ಲೂಕು ಕಚೇರಿಯಿಂದ ಸರ್ಟಿಫಿಕೇಟು ಬೇಕು. ರೆವಿನ್ಯೂ ಇನ್ಸ್‌ಪೆಕ್ಟರು ಮನೆಗೆ ಬಂದು ಹೊಲ, ಬಾವಿ, ದನ, ಕುರಿ ನೋಡಿ ಬರೆದುಕೊಳ್ಳುತ್ತಾರೆ. ನೀರಾವರಿ ಇರಕೂಡದು. ಸ್ವಂತದ ಕುರಿ ಐವತ್ತು ತಲೆ ಮೀರಕೂಡದು. ಒಂದು ಮೀರಿದರೂ ಆ ಮನೆ ಅನುಕೂಲಸ್ಥರದು. ಇದನ್ನೆಲ್ಲ ಆದಿಲಕ್ಷ್ಮಿ ಫಾರಂ ಹಿಡಿದು ಓದಿ ಹೇಳಿದಾಗ ಕಾಟಜ್ಜಿ ಅದನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದಳು.

"ನಾವು ಬಡವ್ರು ಅನ್ನಾಕೆ ಸರ್ಕಾರದೋರ ಒಪ್ಗೆ ಬೇಕೇನೆ?" ಎಂದಳು. "ಇಷ್ಟು ವರ್ಷ ಕೇಳ್ದಲೆ ಇದ್ವಲ್ಲೇ, ತಪ್ಪಾಗೋಯ್ತು."

ಇನ್ಸ್‌ಪೆಕ್ಟರು ಬಂದದ್ದು ಕುರಿ ಕೂಡುವ ಹೊತ್ತಿಗೆ. ನೇರವಾಗಿ ರೊಪ್ಪದೊಳಕ್ಕೇ ಬಂದು ನಿಂತರು. ತಲೆ ಎಣಿಸಿದರು, ನೂರ ನಲವತ್ತೆರಡು. ಅನ್ನೀ ಮೀವೇನಾ ಎಂದು ತೆಲುಗಿನಲ್ಲಿ ಕೇಳಿದರು, ಎಲ್ಲಾ ನಿಮ್ಮವೇನಾ ಎಂದು. ಯರ್ರಪ್ಪ ಮಗಳ ಮುಖ ನೋಡಿದ, ಕುರಿಗಳ ಮುಖ ನೋಡಿದ. ಸುತ್ತ ನೂರ ನಲವತ್ತೆರಡು ಜೊತೆ ಕಿವಿಗಳು.

"ಮಾವೇ ಸಾಮಿ, ನಮ್ಮವೇ," ಎಂದ.

ಮೂಲೆಯಲ್ಲಿ ಮರಿಗೆ ಹಾಲು ಕುಡಿಸುತ್ತಿದ್ದ ಕದರಮ್ಮನಿಗೆ ಎಲ್ಲವೂ ಕೇಳಿಸಿತ್ತು. ಸಾಮಿ, ಒಂದು ಗಳಿಗೆ ಆಚೆ ಬನ್ನಿ ಎಂದು ಕರೆದು, ಬೇಲಿಯ ಹೊರಗೆ, ಕುರಿಗಳ ಕಿವಿಗೆ ಬೀಳದಂತೆ, ನಿಜ ಹೇಳಿದ್ದರೆ ಸಾಕಿತ್ತು. ಅವಳ ಬಾಯಿ ಅದಕ್ಕೆಂದು ತೆರೆದುಕೊಂಡೂ ಇತ್ತು. ಆದರೆ ಇನ್ಸ್‌ಪೆಕ್ಟರ ಪಕ್ಕದಲ್ಲಿ ಚಪ್ಪಲಿ ಮೆಟ್ಟಿ ನಿಂತ ಆದಿಲಕ್ಷ್ಮಿ, ಹಿಕ್ಕೆ ತಾಗೀತೆಂದು ಸೀರೆಯ ನಿರಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು. ಕದರಮ್ಮ ಬಾಯಿ ಮುಚ್ಚಿ ಮರಿಯ ಕಡೆ ಬಾಗಿದಳು.

ನಾಲ್ಕು ದಿನಕ್ಕೆ ಸುದ್ದಿ ಬಂತು. ಕುರಿ ನೂರ ನಲವತ್ತೆರಡು, ಸರ್ಟಿಫಿಕೇಟು ಇಲ್ಲ. ಆ ದಿನ ಕದರಮ್ಮ ಕುರಿಗಳನ್ನು ಹೊಡೆದುಕೊಂಡು ಹೋಗುವಾಗ ತನಗೇ ಗೊತ್ತಿಲ್ಲದೆ ಹಾಡಿಕೊಂಡಳು. ಬಿಸಿಲು ಕೂಡ ಹಿತವಾಗಿತ್ತು.

ಮಧ್ಯಾಹ್ನ ಹೊಂಗೆ ಮರದಡಿಗೆ ಆದಿಲಕ್ಷ್ಮಿ ಹುಡುಕಿಕೊಂಡು ಬಂದಳು. ಚಪ್ಪಲಿ ಇರಲಿಲ್ಲ.

"ನೀ ಅಲ್ಲೇ ಇದ್ದಿ," ಎಂದಳು. "ಹೊರಗ ಕರದು ಒಂದು ಮಾತು ಹೇಳಿದ್ರ ಆಗ್ತಿತ್ತು. ಯಾಕ ಹೇಳಲಿಲ್ಲಕ್ಕ?"

"ನಾನ್ಯಾಕೆ ಹೇಳ್ಬೇಕಿತ್ತು? ಕಾಗ್ದ ನಿಂದು, ಕಾಲೇಜು ನಿಂದು. ಓದಿರೋಳು ನೀನು. ಓದಿ ಹೇಳ್ಬೇಕಾಗಿತ್ತಪ್ಪ."

"ನನಗ ಕಿವಿ ಓದಾಕ ಬರಂಗಿಲ್ಲ. ನಿನಗ ಗೊತ್ತೈತಿ."

"ಎಂಟು ವರ್ಷ ಮತ್ತೇನ್ ಓದಿದ್ಯೆ ಅಲ್ಲಿ?"

ಆದಿಲಕ್ಷ್ಮಿ ಹತ್ತಿರದಲ್ಲಿದ್ದ ಒಂದು ಕುರಿಯನ್ನು ತಬ್ಬಿ ಹಿಡಿದು, ಅದರ ಕಿವಿಯನ್ನು ಪುಸ್ತಕದ ಹಾಳೆಯಂತೆ ಹಿಂದೆ ಮುಂದೆ ತಿರುಗಿಸಿ, ಇದು ಎಡಗಿವಿ ಕಚ್ಚು ಎಂದಳು. ಇನ್ನೊಂದನ್ನು ಹಿಡಿದು ಬಲಗಿವಿ ಸೀಳು ಎಂದಳು. ಮೂರನೆಯದನ್ನೂ ಹಿಡಿದಳು. ಮೂರೂ ತಪ್ಪು. ಕದರಮ್ಮ ಮೊದಲನೆಯದಕ್ಕೆ ನಕ್ಕಳು, ಎರಡನೆಯದಕ್ಕೆ ತುಟಿ ಕಚ್ಚಿದಳು, ಮೂರನೆಯದಕ್ಕೆ ಅವಳಿಂದ ತಡೆಯಲಾಗಲಿಲ್ಲ. ಚೆನ್ನಾಗಿ ಬಲ್ಲ ಹಾಡನ್ನು ಬೇರೆಯವರು ಅಪಸ್ವರ ಎಳೆದರೆ ಆಗುವ ಸಂಕಟ ಅದು.

"ಬಿಡೇ ಅದನ್ನ. ಮೊಂಡು ಕಿವಿ, ಮನೇದು. ಎಳೆಮಗೂನೂ ಹೇಳ್ತದೆ."

"ಹಂಗಾದ್ರ ನೀನ ಓದು."

"ಓದ್ತೀನಿ. ಆ ಸಾಮಿ ಇನ್ನೊಂದಪ ಬರ್ಲಿ, ನೂರ ನಲ್ವತ್ತೆರಡನ್ನೂ ಓದಿ ಒಪ್ಪಿಸ್ತೀನಿ. ನಿಂಗೋಸ್ಕರ ಅಂದ್ಕೋಬೇಡ ಮತ್ತೆ."

"ಆಣಿ ಮಾಡು."

"ಅಜ್ಜಿ ಆಣೆಗೂ."

ಹೀಗೆ, ಕೊಡಬೇಕೆಂದಿರದ ಮಾತನ್ನು ಕದರಮ್ಮ ಕೊಟ್ಟಳು.

ಯರ್ರಪ್ಪ ಮಡಕಶಿರೆಗೆ ಹೋಗಿ ಕೈಮುಗಿದು ನಿಂತ. ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಇನ್ನೊಮ್ಮೆ ಬಂದು ಎಣಿಸುತ್ತೇನೆ ಎಂದರು. ಆದರೆ ಕುರಿ ಬಿಟ್ಟವರು ಒಬ್ಬೊಬ್ಬರೂ ತಮ್ಮ ಕುರಿಯ ಗುರುತು ಬರೆದು, ಸಹಿ ಹಾಕಿ ಕೊಡಲಿ. ಕಾಗದದಲ್ಲಿರುವ ಗುರುತಿಗೆ ಕೂಡಿದ್ದು ಅವರದು, ಕೂಡದ್ದು ನಿನ್ನದು ಎಂದರು. ಹತ್ತು ದಿನ ಗಡುವು, ಆಮೇಲೆ ಕಾಲೇಜಿನ ಬಾಗಿಲು ಮುಚ್ಚುತ್ತದೆ. ಅಮರಾಪುರದ ಓಬಣ್ಣ ಮಾರನೆಯ ದಿನವೇ ಕಾಗದ ಕೊಟ್ಟ. ಜಂಬಯ್ಯನಿದ್ದದ್ದು ದೂರದ ರಾಯದುರ್ಗದಲ್ಲಿ. ಯುದ್ಧದ ಪಟಾಲಮ್ಮಿಗೆ ಕಂಬಳಿ ಒದಗಿಸುತ್ತಿದ್ದ ಕಾಲದಲ್ಲಿ ಸಿಕ್ಕಸಿಕ್ಕ ಸೀಮೆಯಲ್ಲೆಲ್ಲ ಕುರಿ ಬಿಟ್ಟವನು ಅವನು. ಕುರಿಗಳ ವಿಚಾರ ಕೇಳುತ್ತಾನೆ, ಜವಾಬು ಕೊಡಲು ಕದರಮ್ಮನೇ ಬೇಕು. ಅವಳು ಚಿಕ್ಕಪ್ಪನ ಜೊತೆ ಹೊರಟಳು. ಆದಿಲಕ್ಷ್ಮಿ ಕೋಲು ಹಿಡಿದು ಕುರಿಗಳ ಹಿಂದೆ ಹೋದಳು.

ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಪ್ರತಿ ದಿಣ್ಣೆಯಲ್ಲೂ ನಿಂತು ಉಸಿರೆಳೆದುಕೊಂಡಿತು. ಪಾವಗಡದಲ್ಲಿ ಒಂದು, ಕಲ್ಯಾಣದುರ್ಗದಲ್ಲಿ ಒಂದು ಎಂದು ಬಸ್ಸು ಬದಲಿಸಿ ರಾಯದುರ್ಗಕ್ಕೆ ಬಂದಿಳಿದಾಗ ಕದರಮ್ಮ ಮೊದಲು ನೋಡಿದ್ದು ಬೆಟ್ಟವನ್ನು. ಇಡೀ ಊರನ್ನು ಮಡಿಲಲ್ಲಿ ಕೂರಿಸಿಕೊಂಡಂಥ ಬೆಟ್ಟ. ಇದನ್ನು ಎಂಟು ವರ್ಷ ದಿನಾ ನೋಡಿದ್ದಾಳಲ್ಲ ಅವಳು ಎಂದುಕೊಂಡಳು.

ತಿಪ್ಪಕ್ಕ ಪ್ರೀತಿಯ ಹೆಂಗಸು. ಬರ್ರಿ ಬರ್ರಿ ಎಂದು ಕಾಲಿಗೆ ನೀರು ಕೊಟ್ಟು, ರೊಟ್ಟಿ ಬಡಿದು ಬಡಿಸಿದಳು. ಕುರಿ ಕಾಯೋ ಹುಡುಗಿ ನೀನೇನವ್ವ, ಆದಿ ನಿನ್ನ ಸುದ್ದಿ ಹೇಳಿದ್ದೇ ಹೇಳಿದ್ದು ಎಂದಳು. ಅದರಲ್ಲಿ ಕದರಮ್ಮನಿಗೆ ಕೇಳಿಸಿದ್ದು ಕುರಿ ಕಾಯೋ ಹುಡುಗಿ ಎಂಬಷ್ಟೇ. ಆಮೇಲೆ ತಿಪ್ಪಕ್ಕ ಗೋಡೆಯಲ್ಲಿನ ಒಂದು ಗೂಡನ್ನು ತೋರಿಸಿದಳು. ಆದಿಲಕ್ಷ್ಮಿ ಪುಸ್ತಕ ಜೋಡಿಸಿಡುತ್ತಿದ್ದ ಗೂಡು. ದೀಪದ ಮಸಿ ಅದರ ನೆತ್ತಿಯಲ್ಲಿ ಎಲೆಯ ಆಕಾರಕ್ಕೆ ಹಿಡಿದಿತ್ತು. ಕೆಳಗೆ, ಗೋಡೆಗೆ ಒರಗಿ ಕೂತು ಕೂತು ಒಂದು ಹುಡುಗಿಯ ಬೆನ್ನಿನಷ್ಟು ಜಾಗ ನುಣ್ಣಗಾಗಿತ್ತು. ಎದುರಿನ ಕಿಟಕಿಯಲ್ಲಿ ಬಳ್ಳಾರಿ ಕಡೆಗೆ ಹೋಗುವ ರೈಲಿನ ಹೊಗೆ ಕಾಣುತ್ತಿತ್ತು.

ಯಾರೂ ನೋಡದಾಗ ಕದರಮ್ಮ ಆ ಜಾಗಕ್ಕೆ ಒರಗಿ ಕುಳಿತಳು. ಬೆನ್ನು ಸರಿಯಾಗಿ ಕೂಡಿತು. ಅವಳದೇ ಅಳತೆಗೆ ಸವೆದಂತಿತ್ತು. ಮೂರನೆಯ ಕುರಿಗೆ ತಡವರಿಸಿ ಅತ್ತಿದ್ದರೆ ಈ ಗೋಡೆಯನ್ನು ತಾನೇ ಸವೆಸುತ್ತಿದ್ದೆನಲ್ಲ ಎಂದು ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು.

ಆ ಕೆಂಡವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ಜಂಬಯ್ಯನ ಅಂಗಡಿಗೆ ಹೋದಳು. ಜಂಬಯ್ಯನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಸಹಿಯನ್ನು ಮಾತ್ರ ಅಭ್ಯಾಸಬಲದಿಂದ ಹಾಕುತ್ತಿದ್ದ. ಗುಮಾಸ್ತ ಊರಲ್ಲಿರಲಿಲ್ಲ. ಯರ್ರಪ್ಪನಿಗೆ ಅಕ್ಷರ ಬಾರದು. ಬರೆಯುವವರು ಯಾರು ಎಂದು ಮಾತು ಬಂದಾಗ, ನಾನು ಊರಲ್ಲೇ ಐದನೇ ಕ್ಲಾಸು ಓದಿದ್ದೇನೆ ಎಂದು ಕದರಮ್ಮ ಮುಂದೆ ಬಂದಳು. ಅವಳು ಲೇಖನಿ ಮುಟ್ಟದೆ ಎಂಟು ವರ್ಷವಾಗಿತ್ತು. ಆದರೂ ಅಕ್ಷರಗಳು, ಕರೆದರೆ ಬರುವ ಕುರಿಗಳಂತೆ, ನಿಧಾನವಾಗಿ ಬಂದವು. ಜಂಬಯ್ಯನಾದ ನಾನು ಬರೆಸಿಕೊಟ್ಟದ್ದು ಏನೆಂದರೆ, ಯರ್ರಪ್ಪನಲ್ಲಿ ಸಾಕಲು ಬಿಟ್ಟ ನನ್ನ ಕುರಿಗಳ ಗುರುತು.

"ಏನ್ ಗುರ್ತವ್ವ ನಮ್ಮವಕ?" ಎಂದು ಜಂಬಯ್ಯ ಕೇಳಿದ. "ನಾ ನೋಡಿ ಯಾವ ಕಾಲಾತೋ. ನೀ ಬರದಿದ್ದ ಖರೆ."

ಲೇಖನಿಯ ತುದಿ ಕಾಗದದ ಮೇಲೆ ನಿಂತಿತು. ಒಂದು ಮಾತಿನ ಅಂತರ. ಅವಳ ಕೈ 'ಬಲ' ಎಂಬಲ್ಲಿ 'ಎಡ' ಎಂದು ಬರೆಯಿತು. ಎಡಗಿವಿ ಸೀಳು. ದುಂಡಗೆ, ತಿದ್ದಿ ತೀಡಿ ಬರೆಯಿತು. ಜಂಬಯ್ಯ ತಡವಿ ಸಹಿ ಹಾಕಿದ. ಯರ್ರಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಮಡಿಸಿ, ಇನ್ಸ್‌ಪೆಕ್ಟರ ಕೈಗೇ ಕೊಡುವುದೆಂದು ಒಳಜೇಬಿಗೆ ಇಟ್ಟ.

ಹಿಂದಿರುಗಿ ಬಂದಾಗ ಮರಿಗಳು ಆದಿಲಕ್ಷ್ಮಿಯ ಹಿಂದೆ ಓಡಾಡುತ್ತಿದ್ದವು. ಬರೀ ನಾಲ್ಕು ದಿನಕ್ಕೆ. ಬರೆದದ್ದಕ್ಕೆ ಹಿಡಿದಿದ್ದ ಅಷ್ಟಿಷ್ಟು ಅಳುಕೂ ಅದನ್ನು ಕಂಡು ಇಂಗಿಹೋಯಿತು.

ಗಡುವಿನ ಕೊನೆಯ ದಿನ ಇನ್ಸ್‌ಪೆಕ್ಟರು ಬಂದರು. ಈ ಸಲ ಬಯಲಲ್ಲಿ ಕಲ್ಲು ಜೋಡಿಸಿ ಒಂದು ಕುರಿ ತೂರುವಷ್ಟು ಗಂಡಿ ಮಾಡಿದ್ದರು. ಕುರ್ಚಿಯ ಮೇಲೆ ಇನ್ಸ್‌ಪೆಕ್ಟರು, ತೊಡೆಯ ಮೇಲೆ ಎರಡು ಕಾಗದ, ಕೈಯಲ್ಲಿ ನೋಟುಬುಕ್ಕು. ಪಕ್ಕದಲ್ಲಿ ಆದಿಲಕ್ಷ್ಮಿ. ಗಂಡಿಯಲ್ಲಿ ಕದರಮ್ಮ. ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳು ಗುರುತು ಓದಬೇಕು, ಉಳಿದದ್ದನ್ನು ಕಾಗದ ಹೇಳುತ್ತದೆ.

"ಎಡಗಿವಿ ಕಚ್ಚು," ಎಂದಳು ಮೊದಲನೆಯದಕ್ಕೆ. ಓಬಣ್ಣನ ಕಾಗದಕ್ಕೆ ಕೂಡಿತು. "ಮೊಂಡು." ಮನೆಯ ಲೆಕ್ಕಕ್ಕೆ ಒಂದು ಗೀಟು. "ಬಲಗಿವಿ ಸೀಳು."

ಇನ್ಸ್‌ಪೆಕ್ಟರು ಕಾಗದ ನೋಡಿದರು. ಬಲಗಿವಿಯದು ಯಾರ ಕಾಗದದಲ್ಲೂ ಇಲ್ಲ, ಮನೆಯದೇನಾ ಎಂದು ಯರ್ರಪ್ಪನನ್ನು ಕೇಳಿದರು. ಕುರಿ ಕಣ್ಣೆದುರಿಗೇ ನಿಂತಿತ್ತು. ನಮ್ಮದೇ ಸಾಮಿ ಎಂದ ಯರ್ರಪ್ಪ. ಮನೆಯ ಲೆಕ್ಕಕ್ಕೆ ಇನ್ನೊಂದು ಗೀಟು.

ಕದರಮ್ಮ ಓದುತ್ತ ಹೋದಳು. ಒಂದೂ ಸುಳ್ಳು ಓದಲಿಲ್ಲ. ಬಲಗಿವಿ ಸೀಳು, ಬಲಗಿವಿ ಸೀಳು, ಮೊಂಡು, ಬಲಗಿವಿ ಸೀಳು. ಓದಿದ ಒಂದೊಂದು ನಿಜವೂ ಮನೆಯ ಲೆಕ್ಕದಲ್ಲಿ ಗೀಟಾಗಿ ಕೂರುತ್ತಿತ್ತು. ಇಪ್ಪತ್ತಾಯಿತು, ಮೂವತ್ತಾಯಿತು, ನಲವತ್ತು ದಾಟಿತು. ಎಲ್ಲಿಯೋ ಎಡವಟ್ಟಾಗಿದೆಯೆಂದು ಯರ್ರಪ್ಪನ ಮುಖ ಹೇಳುತ್ತಿತ್ತು, ಎಲ್ಲಿ ಎಂದು ಹೇಳಲು ಅವನಿಗೆ ಬರುತ್ತಿರಲಿಲ್ಲ. ನಲವತ್ತೆಂಟನೆಯ ಗೀಟು ಬಿದ್ದಾಗ ಇನ್ಸ್‌ಪೆಕ್ಟರು ಬರೆಯುವುದನ್ನು ನಿಲ್ಲಿಸಿ, ಹುಡುಗಿ ಸರಿಯಾಗಿ ಓದುತ್ತಿದ್ದಾಳೋ ಇಲ್ಲವೋ, ಬೇರೆ ಯಾರಾದರೂ ನೋಡಲಿ ಎಂದರು.

ಆದಿಲಕ್ಷ್ಮಿ ಗೀಟುಗಳನ್ನೇ ನೋಡುತ್ತಿದ್ದಳು.

"ಬ್ಯಾಡ್ರಿ," ಎಂದಳು. "ನಮ್ಮಕ್ಕ ಓದಿದ್ರ ತಪ್ಪಿರಂಗಿಲ್ಲ. ನಮ್ಮ ಲೆಕ್ಕಾನ ಹೆಚ್ಚು ಐತಿ. ನೀವು ಬರಕೊಳ್ರಿ."

ಆ ಹೊತ್ತಿಗೆ ಒಂದು ಕುರಿ ಗಂಡಿಗೆ ತಲೆ ಹಾಕಿತ್ತು. ಕದರಮ್ಮ ಅದರ ಕಿವಿ ಹಿಡಿದಿದ್ದಳು, ಹೆಬ್ಬೆರಳ ಕೆಳಗೆ ಸೀಳಿನ ಅಂಚು ಮೆತ್ತಗೆ ಕಂಪಿಸುತ್ತಿತ್ತು. ಎಂಟು ವರ್ಷ ಈ ಒಂದು ವಿದ್ಯೆಯನ್ನೇ ತನ್ನದೆಂದು ಹೊಟ್ಟೆಗವಚಿಕೊಂಡು ಬದುಕಿದ್ದಳು. ಅದನ್ನು ನಂಬಿ ಒಬ್ಬಳು ಮದರಾಸನ್ನೇ ಬಿಟ್ಟುಕೊಡುತ್ತಿದ್ದಾಳೆ. ಅದೂ ಇವಳು. ಬಿಟ್ಟುಕೊಡುವುದರಲ್ಲೂ ತನಗಿಂತ ಒಂದು ಕೈ ಮೇಲಾಗಿ ನಿಂತುಬಿಟ್ಟಳಲ್ಲ ಎಂದು ಕದರಮ್ಮನಿಗೆ ಮೊದಲು ಉರಿಯಿತು. ಆಮೇಲೆ ನಾಚಿಕೆಯಾಯಿತು. ಅವಳು ಕುರಿಯ ಕಾಲು ಹಿಡಿದು ನಿಲ್ಲಿಸಿದಳು.

"ಓದಿದ್ದು ಸರಿ ಐತೆ ಸಾಮಿ," ಎಂದಳು. "ಬರ್ದಿದ್ದು ತಪ್ಪು. ಜಂಬಯ್ನೋರ ಕಾಗ್ದ ಬರ್ದೋಳು ನಾನು. ಬಲ ಅನ್ನೋ ಕಡೆ ಎಡ ಅಂತ ಬರ್ದಿದೀನಿ."

ಇನ್ಸ್‌ಪೆಕ್ಟರು ಕಾಗದವನ್ನೂ ಅವಳನ್ನೂ ನೋಡಿದರು. ಇಡೀ ಮಂದೆಯಲ್ಲಿ ಎಡಗಿವಿ ಸೀಳಿದ ಕುರಿ ಒಂದಾದರೂ ಇದೆಯೇ ಎಂದು ಎದ್ದು ಬಂದು ಹುಡುಕಿಸಿದರು. ಒಂದೂ ಇರಲಿಲ್ಲ. ಆಗ ಜೋರಾಗಿ ನಕ್ಕರು.

"ಎಡ ಯಾವ್ದು ಬಲ ಯಾವ್ದು ಗೊತ್ತಿಲ್ಲದೋಳ ಕೈಲಿ ದಸ್ತಾವೇಜು ಬರ್ಸಿದೀಯಲ್ಲಯ್ಯ."

"ಕುರಿ ಹಿಂದೆ ಅಲ್ದೂ ಅಲ್ದೂ ಅಕ್ಸರ ಮರ್ತವಳೆ ಸಾಮಿ," ಎಂದು ಯರ್ರಪ್ಪ ಕೈಮುಗಿದ. "ದಡ್ಡಮುಂಡೇದು, ಮನಸಿಗೆ ತಕಾಬ್ಯಾಡಿ."

ಕುರಿಗಳನ್ನು ಗಂಡಿಗೆ ಹೊಡೆಯಲು ಬಂದಿದ್ದ ಹಟ್ಟಿಯವರೂ ನಕ್ಕರು. ಕದರಮ್ಮ ತಲೆ ತಗ್ಗಿಸಿ ಆ ನಗುವನ್ನೆಲ್ಲ ನುಂಗಿದಳು. ಮರೆತದ್ದಲ್ಲ ಎಂದು ಹೇಳುವಂತಿರಲಿಲ್ಲ. ನಗದೆ ಉಳಿದವಳು ಆದಿಲಕ್ಷ್ಮಿ ಒಬ್ಬಳೇ. ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಓದುತ್ತಿದ್ದ ಅಕ್ಕನಿಗೆ ಎಡಬಲ ತಪ್ಪುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಬರೆದವಳೇ ತಿದ್ದಿ ಸಹಿ ಹಾಕಲಿ ಎಂದು ಇನ್ಸ್‌ಪೆಕ್ಟರು ಪೆನ್ನು ಚಾಚಿದರು. ಆದಿಲಕ್ಷ್ಮಿ ಅಭ್ಯಾಸದಿಂದ ಕೈ ನೀಡಿದಳು, ಮರುಗಳಿಗೆ ಹಿಂದಕ್ಕೆ ತೆಗೆದುಕೊಂಡಳು. ಕದರಮ್ಮ ಕಲ್ಲಿನ ಮೇಲೆ ಕಾಗದವಿಟ್ಟು 'ಎಡ'ವನ್ನು ಹೊಡೆದುಹಾಕಿ, ಮೇಲೆ 'ಬಲ' ಎಂದು ಬರೆದು, ಕೆಳಗೆ ತನ್ನ ಹೆಸರು ಬರೆದಳು. ಹೆಸರು ದೊಡ್ಡದಾಗಿ, ಸೊಟ್ಟಗೆ ಬಂತು.

"ಇನ್ನು ಮೊದ್ಲಿಂದ ಎಣಿಸ್ಬೇಕು," ಎಂದು ಇನ್ಸ್‌ಪೆಕ್ಟರು ಹೊಸ ಹಾಳೆ ತಿರುಗಿಸಿದರು.

ದಾಟಿದ್ದ ಕುರಿಗಳನ್ನೆಲ್ಲ ಮತ್ತೆ ಈಚೆ ಹೊಡೆದು ತಂದರು. ಬಿಸಿಲು ನೆತ್ತಿಗೇರಿತ್ತು. ಕದರಮ್ಮ ಗಂಡಿಯಲ್ಲಿ ಮೊಣಕಾಲೂರಿ ಕುಳಿತಳು. ಮುಂದಿನ ತಿಂಗಳು ಇವಳು ಸಮುದ್ರದ ಮುಂದೆ ನಿಂತಿರುತ್ತಾಳೆ, ನಾನು ಇಲ್ಲಿಯೇ ಹೀಗೆ ಕೂತಿರುತ್ತೇನೆ ಎಂದು ಒಳಗಿನ ಕೆಂಡ ಹೇಳುತ್ತಲೇ ಇತ್ತು. ಹೇಳಲಿ ಎಂದು ಬಿಟ್ಟು ಅವಳು ಓದಿದಳು. ಮೊಂಡು. ಬಲಗಿವಿ ಸೀಳು. ಎಡಗಿವಿ ಕಚ್ಚು. ಓದಿ ಓದಿ ಗಂಟಲು ಕಟ್ಟಿತು. ಆದಿಲಕ್ಷ್ಮಿ ನೀರಿನ ಚೊಂಬು ತಂದು ಮುಂದೆ ಹಿಡಿದಳು. ಕದರಮ್ಮ ಅವಳ ಮುಖ ನೋಡದೆ ಕುಡಿದು, ಚೊಂಬು ಹಿಂದಕ್ಕೆ ಕೊಟ್ಟು, ಮುಂದಿನ ಕುರಿಯ ಕಿವಿ ಹಿಡಿದಳು.

ಓಬಣ್ಣನ ಕಾಗದಕ್ಕೆ ಮೂವತ್ತೆರಡು ಕೂಡಿದವು. ಜಂಬಯ್ಯನ ಕಾಗದಕ್ಕೆ ಎಪ್ಪತ್ತನಾಲ್ಕು. ಕೊನೆಗೆ ಉಳಿದದ್ದು ಒಂದು ಕುಂಟು ಕುರಿ. ಅದು ತನ್ನ ಪಾಡಿಗೆ ನಿಧಾನವಾಗಿ ಬಂತು. ಕದರಮ್ಮ ಅದರ ಎರಡೂ ಕಿವಿಗಳನ್ನು ಬೆರಳಿನಿಂದ ಸವರಿ, "ಮೊಂಡು" ಎಂದಳು. ಮನೆಯ ಲೆಕ್ಕದಲ್ಲಿ ಮೂವತ್ತಾರನೆಯ ಗೀಟು ಬಿತ್ತು. ಇನ್ಸ್‌ಪೆಕ್ಟರು ಅದರ ಕೆಳಗೆ ಅಡ್ಡಗೆರೆ ಎಳೆದು, ಅರ್ಹಳು ಎಂದು ಬರೆದು, ಸಹಿ ಹಾಕಿದರು.